ಅಪ್‌ಡೇಟ್: ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸೋ ಕೆಲ್ಸ) ಚೆಕ್‌ಲಿಸ್ಟ್ ಕೆಲ್ಸ ಮಾಡ್ತಿದೆ

ಸೋಮವಾರಪೇಟೆ ಕಡೆ ನಮ್ ತೋಟದಲ್ಲಿ ಅರೇಬಿಕಾ ಕಾಫಿ ಲಾಟ್ ಬಂದಾಗೆಲ್ಲ ವಾಟ್ಸಾಪ್‌ನಲ್ಲಿ ಕೆಲ್ಸಗಳ ಹೊಸ ಲಿಸ್ಟ್ ಬರೆಯೋ ಬದ್ಲು ಏನ್ ಮಾಡ್ಬೋದು ಅಂತ ಕೇಳಿದ್ನಲ್ಲ, ನೀವು ಹೇಳಿದ ಹಾಗೇ ಮಾಸ್ಟರ್ ಕಾಪಿ ಮುಟ್ಟದೆ ಇಟ್ಟು ಪ್ರತಿ ಲಾಟ್‌ಗೂ ಅದರ ನಕಲು ತೆಗ್ದು, ಒಂದೊಂದು ಸಾಲಿಗೂ ಒಬ್ರ ಹೆಸ್ರು ಹಾಕ್ತಿದೀವಿ. ಹಸಿರು ಕಾಯಿ ಬೇರೆ ಮಾಡಿದ್ರಾ, ಅದೇ ದಿನ ಪಲ್ಪ್ ಆಯ್ತಾ, ಸಂಜೆ ಕಣದಲ್ಲಿ ರಾಶಿ ಮಾಡಿ ಟಾರ್ಪಾಲ್ ಹೊದಿಸಿದ್ರಾ, ತೇವಾಂಶ ಶೇ 10ಕ್ಕೆ ಇಳೀತಾ, ಇಂಥವು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2008ರಲ್ಲಿ ಆಸ್ಪತ್ರೆಗಳಿಗೆ ತಂದ ಆಪರೇಷನ್ ಚೆಕ್‌ಲಿಸ್ಟಲ್ಲೇ ಇರೋದು 19 ಅಂಶ, ನಮ್ದು ಅದಕ್ಕಿಂತ ಉದ್ದ ಯಾಕೆ ಬೇಕು ಹೇಳಿ! ರಾತ್ರಿ ಪಾಳಿಯವ್ರು ಈಗ ಫೋನ್ ಮಾಡಿ ಕೇಳೋದೇ ಇಲ್ಲ, ಹಾಳೆ ನೋಡಿ ಶುರು ಮಾಡ್ತಾರೆ, ಅದೇ ನಂಗೆ ದೊಡ್ಡ ಖುಷಿ. ಇನ್ನೊಂದು ಜಾತಿ ಕಾಫಿ ರೊಬಸ್ಟಾದ ಚೆರ್ರಿಗೆ (ಇಡೀ ಹಣ್ಣಿಗೆ) ಬೇರೆ ಮಾಸ್ಟರ್ ಮಾಡ್ತಿದೀನಿ, ಅದನ್ನ ಪಲ್ಪ್ ಮಾಡದೆ ಹಾಗೇ ಒಣಗಿಸೋದಲ್ವಾ. ಎಲ್ರಿಗೂ ತುಂಬಾ ಥ್ಯಾಂಕ್ಸ್.