ಸಹಾಯ ಬೇಕು: ವರ್ಚುವಲ್ ಮಷೀನ್ ವಲಸೆ ಮುಗಿಯುತ್ತಲೇ ಇಲ್ಲ

ಪುಣೆಯ ನಮ್ಮ ಬಳಗದಲ್ಲಿ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮಷೀನ್, ಅಂದರೆ ವಿಎಂ, ನಡೆಸುವ ವ್ಯವಸ್ಥೆ) ಬಲ್ಲವರು ಇದ್ದೀರಾ? ಹಿಂಜೇವಾಡಿಯ ನಮ್ಮ ಕಚೇರಿಯಲ್ಲಿ 64 ಜಿಬಿ ಮೆಮೊರಿಯ ಡೇಟಾಬೇಸ್ ವಿಎಂ ಒಂದನ್ನು ನಿಲ್ಲಿಸದೆ ಬೇರೆ ಸರ್ವರ್‌ಗೆ ಸಾಗಿಸಬೇಕಾಗಿದೆ. ನಡುವೆ ಇರುವುದು 10 ಗಿಗಾಬಿಟ್ ಜಾಲ.

ಇಡೀ ಮೆಮೊರಿಯನ್ನು ನಕಲಿಸುವ ಮೊದಲ ಸುತ್ತು ಸರಾಗ. ರಗಳೆ ಶುರುವಾಗುವುದು ಆಮೇಲೆ. ಕಳುಹಿಸಿದ ಪುಟಗಳಿಗೇ (ಮೆಮೊರಿಯ ತುಂಡುಗಳಿಗೇ) ಡೇಟಾಬೇಸ್ ಮತ್ತೆ ಬರೆಯುತ್ತದೆ, ಅವನ್ನು ಮತ್ತೆ ಕಳುಹಿಸಬೇಕು. ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಬಾಕಿ ಮೆಮೊರಿ 3 ಜಿಬಿಗೆ ಇಳಿದು ಮತ್ತೆ 5ಕ್ಕೆ ಏರುತ್ತದೆ. ಕೊನೆಗೆ ಉಳಿದದ್ದನ್ನು ಸಾಗಿಸಲು ವಿಎಂಗೆ ಕೊಡಬಹುದಾದ ಕ್ಷಣಕಾಲದ ವಿರಾಮದ ಮಿತಿ 300 ಮಿಲಿಸೆಕೆಂಡ್. ಅಷ್ಟರಲ್ಲಿ ಈ ಜಾಲದಲ್ಲಿ ಹೆಚ್ಚೆಂದರೆ 375 ಎಂಬಿ ದಾಟೀತು.

ಬದಲಾದ ಪುಟಗಳ ಲೆಕ್ಕಕ್ಕೆ ಈಗ ಬಿಟ್‌ಮ್ಯಾಪ್ ಇದೆ, 4 ಕೆಬಿ ಪುಟಕ್ಕೊಂದು ಬಿಟ್. ಲೆಕ್ಕ ಶುರುವಾದೊಡನೆ 2 ಎಂಬಿಯ ದೊಡ್ಡ ಪುಟಗಳು ಒಡೆದು, ವಿಎಂ ಕುಂಟುತ್ತದೆ. ಇದರ ಬದಲು ಬದಲಾದ ಪುಟಗಳ ಪಟ್ಟಿ ಇಡುವ ಡರ್ಟಿ ರಿಂಗ್‌ಗೆ ಬದಲಾಯಿಸಿದರೆ ಲಾಭವಿದೆಯೇ? ಅದರಲ್ಲಿ ಪ್ರತಿ ವಿಸಿಪಿಯುಗೂ (ವಿಎಂನ ವರ್ಚುವಲ್ ಪ್ರೊಸೆಸರ್‌ಗೂ) ಪ್ರತ್ಯೇಕ ರಿಂಗ್. ತುಂಬಿದರೆ, ಖಾಲಿ ಮಾಡುವವರೆಗೆ ಆ ವಿಸಿಪಿಯು ಕಾಯಬೇಕು. ಹೆಚ್ಚು ಬರೆಯುವವನಿಗೇ ಶಿಕ್ಷೆ ಎಂಬ ಈ ನ್ಯಾಯ ನನಗೆ ಹಿಡಿಸಿದೆ. ಆದರೆ ಬರವಣಿಗೆಯೇ ಇಷ್ಟು ಜೋರಾಗಿರುವಾಗ ಲೆಕ್ಕದ ವಿಧಾನ ಬದಲಿಸಿ ಏನು ಪ್ರಯೋಜನ ಎಂಬ ಅನುಮಾನವೂ ಇದೆ.

ಬರವಣಿಗೆ ತಗ್ಗಲೆಂದು ಪ್ರೊಸೆಸರ್‌ಗಳ ವೇಗ ಇಳಿಸುವ ಆಟೊ ಕನ್ವರ್ಜ್ ಹಾಕಿದರೆ ಇಡೀ ವಿಎಂ ನಿಧಾನವಾಗಿ ಡೇಟಾಬೇಸ್ ತಂಡದವರು ಜಗಳಕ್ಕೆ ಬರುತ್ತಾರೆ. ವಿಎಂ ಅನ್ನು ಮೊದಲು ಗುರಿಯ ಸರ್ವರ್‌ನಲ್ಲಿ ಶುರುಮಾಡಿ, ಉಳಿದ ಮೆಮೊರಿಯನ್ನು ಆಮೇಲೆ ತರುವ ಪೋಸ್ಟ್‌ಕಾಪಿಗೆ ಮೇಲಿನವರು ಒಪ್ಪುತ್ತಿಲ್ಲ. ನಡುವೆ ಗುರಿಯ ಸರ್ವರ್ ಕೆಟ್ಟರೆ ವಿಎಂ ಕೈತಪ್ಪುತ್ತದೆ, ಅವರ ಭಯ ಸುಳ್ಳಲ್ಲ.

ಡರ್ಟಿ ರಿಂಗ್ ಜೊತೆ ಡರ್ಟಿ ಲಿಮಿಟ್ (ಹೆಚ್ಚು ಬರೆಯುವ ವಿಸಿಪಿಯುಗಳನ್ನಷ್ಟೇ ನಿಧಾನಿಸುವ ಮಿತಿ) ಬಳಸಿದವರಿದ್ದರೆ, ರಿಂಗ್ ಗಾತ್ರ ಎಷ್ಟಿಟ್ಟಿರಿ, ಓದುವ ಕೆಲಸಗಳಿಗೆ ಪೆಟ್ಟು ಬಿತ್ತೇ ಎಂಬುದನ್ನು ದಯವಿಟ್ಟು ಇಲ್ಲೇ ಬರೆಯಿರಿ.