ಬೇಲಿ ದಾಟಿದ ಪ್ರಿವೆಟ್: ಅಮೆರಿಕದ ಮ್ಯಾಸಚೂಸೆಟ್ಸ್‌ನ ಗುಂಪಿನಲ್ಲಿ ಗಿಡತಜ್ಞೆಯೊಂದಿಗೆ ಪ್ರಶ್ನೋತ್ತರ

ಆಕ್ಟನ್ ಸದಸ್ಯೆ: ನಮಸ್ಕಾರ ಮೇಡಂ. ಹಿಂದಿನ ಮಾಲೀಕರು ಹಿತ್ತಲಿಗೆ ಪ್ರಿವೆಟ್ ಎಂಬ ಪೊದೆಗಿಡದ ಬೇಲಿ ಹಾಕಿದ್ದರು. ಅದರಾಚೆ ಕಾಡು, ಒಂದು ತೊರೆ. ಈಗ ತೊರೆಯ ದಡದ ಉದ್ದಕ್ಕೂ ಅದೇ ಗಿಡ. ಚಿತ್ರ ಹಾಕಿದ್ದೇನೆ. ಏನು ಮಾಡಲಿ?

ತಜ್ಞೆ: ಚಿತ್ರ ನೋಡಿ ಕಳವಳವಾಯಿತು. ಎದುರುಬದುರು ಎಲೆ, ಮೊಂಡು ತುದಿ, ಎಳೆಯ ರೆಂಬೆಯ ಮೇಲೆ ನವಿರಾದ ರೋಮ. ಇದು ಲಿಗಸ್ಟ್ರಮ್ ಆಬ್ಟುಸಿಫೋಲಿಯಮ್ ಎಂಬ ಪ್ರಿವೆಟ್ ಜಾತಿ, ನಮ್ಮ ಮಲ್ಲಿಗೆಯ ಕುಟುಂಬದ್ದೇ. ಜಪಾನ್, ಕೊರಿಯಾ, ಚೀನಾದ ಗಿಡ. 1860ರಲ್ಲಿ ಅಮೆರಿಕಕ್ಕೆ ಬಂತು. ಕತ್ತರಿ ಬೀಳುತ್ತಿರುವ ಬೇಲಿಯಲ್ಲಿ ಹೂವು ಕಡಿಮೆ, ಕೈಬಿಟ್ಟರೆ ಮೈತುಂಬ ಹಣ್ಣು. ಬೂದಿ ಸವರಿದಂತಿರುವ ಆ ಕಡುನೀಲಿ ಹಣ್ಣು ಚಳಿಗಾಲದಲ್ಲೂ ಕೊಂಬೆಯಲ್ಲಿ ಉಳಿದಿರುತ್ತದೆ. ಹಕ್ಕಿಗಳು ತಿಂದು ಬೀಜವನ್ನು ಕಾಡಿಗೆ ಒಯ್ಯುತ್ತವೆ. ಅಲ್ಲಿ ಅದು ದಟ್ಟವಾಗಿ ಹಬ್ಬಿದರೆ ಮೇಪಲ್, ಓಕ್ ಸಸಿಗಳಿಗೆ ಬೆಳಕೇ ಸಿಗುವುದಿಲ್ಲ.

ಮಳೆಯ ಮರುದಿನ, ಮಣ್ಣು ಮೆತ್ತಗಿರುವಾಗ, ಎಳೆಯ ಗಿಡಗಳನ್ನು ಬುಡ ಹಿಡಿದು ಬೇರುಸಹಿತ ಕೀಳಿ. ದೊಡ್ಡದನ್ನು ಬರಿದೇ ಕಡಿದರೆ ಮೋಟಿನ ಸುತ್ತ ಮತ್ತೆ ಚಿಗುರುತ್ತದೆ. ಕಡಿದ ಕೂಡಲೇ ಮೋಟಿಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಸವರುವುದು ರೂಢಿ, ಆದರೆ ತೊರೆಯ ಬಳಿ ನೀವಾಗಿ ಅದಕ್ಕೆ ಕೈಹಾಕಬೇಡಿ. ನೀರಿನ ಹತ್ತಿರ ಬಳಸುವ ಕಳೆನಾಶಕವೇ ಬೇರೆ. ಮ್ಯಾಸಚೂಸೆಟ್ಸ್‌ನಲ್ಲಿ ಜೌಗು ನೆಲದಿಂದ 100 ಅಡಿಯೊಳಗೆ ಏನು ಮಾಡುವುದಿದ್ದರೂ ಮೊದಲು ನಿಮ್ಮ ಪಟ್ಟಣದ ಸಂರಕ್ಷಣಾ ಆಯೋಗವನ್ನು ಕೇಳಿ. ಅಷ್ಟರಲ್ಲಿ ಬೇಲಿಯನ್ನು ಹೂ ಬಿಡುವ ಮುನ್ನ ಕತ್ತರಿಸಿ. ಬೀಜ ಬರುತ್ತಿರುವುದು ಅಲ್ಲಿಂದಲೇ.

ನ್ಯೂಟನ್ ಸದಸ್ಯ: ವಿನೆಗರ್, ಉಪ್ಪು, ಪಾತ್ರೆ ತೊಳೆಯುವ ಸೋಪು ಬೆರೆಸಿ ಸುರಿದರೆ ಮೂರೇ ದಿನದಲ್ಲಿ ಸಾಯುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?

ತಜ್ಞೆ: ಸುರಿಯಬೇಡಿ. ಎಲೆ ಸುಡುತ್ತದೆ, ಬೇರು ಬದುಕುತ್ತದೆ, ಉಪ್ಪು ಮಣ್ಣನ್ನು ಕೆಡಿಸುತ್ತದೆ.

ಲೋವೆಲ್ ಸದಸ್ಯೆ: ಉಪ್ಪು ಬಿಟ್ಟು ವಿನೆಗರ್ ಮಾತ್ರ?

ತಜ್ಞೆ: ಬೇರು ಸಾಯುವುದಿಲ್ಲ. ಮೇಲೆ ಓದಿ.

ಕ್ವಿನ್ಸಿ ಸದಸ್ಯೆ: ಇದರ ಹೂವಿನ ವಾಸನೆಗೆ ತಲೆನೋವು ಬರುತ್ತದೆ. ನನಗೆ ಮಾತ್ರವೇ?

ಲೆಕ್ಸಿಂಗ್ಟನ್ ಸದಸ್ಯ: ಹಕ್ಕಿಗಳು ತಿನ್ನುವ ಗಿಡವನ್ನು ಏಕೆ ಕೀಳಬೇಕು? ಹೊರಗಿನದು ಎಂಬುದೇ ತಪ್ಪಾದರೆ ನಾವೂ ಹೊರಗಿನಿಂದ ಬಂದವರೇ.

ಆಕ್ಟನ್ ಸದಸ್ಯೆ: ಗಿಡದ ಮಾತಿಗೆ ಮನುಷ್ಯರನ್ನು ಏಕೆ ಎಳೆಯುತ್ತೀರಿ? ನಮ್ಮ ಹಿತ್ತಲಿಗೆ ಬಂದು ನೋಡಿ, ದಡದಲ್ಲಿ ಬೇರೊಂದು ಸಸಿ ಉಳಿದಿಲ್ಲ.

ಲೆಕ್ಸಿಂಗ್ಟನ್ ಸದಸ್ಯ: ಹಾಗಾದರೆ ನನ್ನ ಬೇಲಿ ಕಿತ್ತು ಹೊಸದು ಹಾಕುವ ಖರ್ಚು ನೀವೇ ಕೊಡಿ.

ಆಕ್ಟನ್ ಸದಸ್ಯೆ: ನಿಮ್ಮ ಬೀಜ ಆರಿಸುವ ಕೂಲಿ ಯಾರು ಕೊಡುತ್ತಾರೆ?

ತಜ್ಞೆ: ಇಬ್ಬರೂ ನಿಲ್ಲಿಸಿ. ಈ ರಾಜ್ಯದಲ್ಲಿ ಇದನ್ನು ಮಾರುವುದು ನಿಷಿದ್ಧ. ಮೊದಲಿನಿಂದ ಇರುವ ಬೇಲಿಯನ್ನು ಕೀಳಲೇಬೇಕೆಂದಿಲ್ಲ, ಆದರೆ ಹಣ್ಣಾಗಲು ಬಿಡಬೇಡಿ. ಹೊಸದು ಬೇಕಿದ್ದರೆ ಇಲ್ಲಿನದೇ ಗಿಡ ಇಂಕ್‌ಬೆರಿ ಹಾಕಿ.

ಲೋವೆಲ್ ಸದಸ್ಯೆ: ಮೇಡಂ, ಮಗು ಈಗಷ್ಟೇ ಆ ಹಣ್ಣು ಎರಡು ಮೂರು ಬಾಯಿಗೆ ಹಾಕಿಕೊಂಡಿತು!

ನ್ಯೂಟನ್ ಸದಸ್ಯ: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಇದೂ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು.

ತಜ್ಞೆ: ಉಪ್ಪುನೀರು ಕುಡಿಸಬೇಡಿ! ವಾಂತಿ ಮಾಡಿಸಬೇಡಿ! ಆ ಹಣ್ಣು ವಿಷಕಾರಿ. ಬಾಯಲ್ಲಿ ಉಳಿದದ್ದನ್ನು ತೆಗೆದು, ಈಗಲೇ ವಿಷ ಚಿಕಿತ್ಸಾ ಸಹಾಯವಾಣಿ 1-800-222-1222ಕ್ಕೆ ಕರೆ ಮಾಡಿ. ಮಗು ಮಂಕಾಗಿದ್ದರೆ, ಉಸಿರಾಟದಲ್ಲಿ ವ್ಯತ್ಯಾಸವಿದ್ದರೆ 911. ನ್ಯೂಟನ್‌ನವರೇ, ನಿಮ್ಮ ಸಂದೇಶವನ್ನು ಅಳಿಸಿ.

ನ್ಯೂಟನ್ ಸದಸ್ಯ: ಒಳ್ಳೆಯದಕ್ಕೇ ಹೇಳಿದೆ, ಸಿಟ್ಟೇಕೆ?

ತಜ್ಞೆ: ಅಳಿಸಿ. ಲೋವೆಲ್‌ನವರೇ, ಕರೆ ಮಾಡಿದಿರಾ?