ಬಿರ್ಸಾನ ನಾಡಿನ ಪಾದ್ರಿ ಹಾಫ್‌ಮನ್: ಅಡಿಟಿಪ್ಪಣಿಯಲ್ಲಿ ಮುಗಿಸಬಹುದೇ?

ಪ್ರಶ್ನೆ: ವಿದ್ಯಾರ್ಥಿನಿ, ಹೊಸಪೇಟೆ

ಎಲ್ಲರಿಗೂ ನಮಸ್ಕಾರ. ಇಂದಿನ ಜಾರ್ಖಂಡ್‌ನ ಮುಂಡಾ ಆದಿವಾಸಿಗಳ ನಾಯಕ ಬಿರ್ಸಾ ಮುಂಡಾ ಬ್ರಿಟಿಷರ ಕಾಲದಲ್ಲಿ ನಡೆಸಿದ ಉಲ್ಗುಲಾನ್ (ದಂಗೆ) ಕುರಿತು ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ಓದುತ್ತ ಹೋದಂತೆ ಜೋಹಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಎಂಬ ಜರ್ಮನ್ ಜೆಸ್ವಿಟ್ (ಒಂದು ಕ್ಯಾಥೊಲಿಕ್ ಸಂಘ) ಪಾದ್ರಿಯ ಹೆಸರು ಮತ್ತೆ ಮತ್ತೆ ಎದುರಾಗುತ್ತಿದೆ. ಬಿರ್ಸಾನ ಕಡೆಯವರು ಬಾಣ ಬಿಟ್ಟದ್ದು ಇವರ ಮಿಷನ್ ಮೇಲೆ. ಮುಂಡರ ಜಮೀನು ಉಳಿಸಿದ ಕಾಯ್ದೆಯ ಹಿಂದೆಯೂ ಇವರೇ ಇದ್ದಾರೆ. ‘ಮತಾಂತರಕ್ಕೆ ಬಂದವರು, ಅಡಿಟಿಪ್ಪಣಿಯಲ್ಲಿ ಮುಗಿಸು’ ಎನ್ನುತ್ತಾರೆ ನನ್ನ ಮಾರ್ಗದರ್ಶಕರು. ನನಗೆ ಸಮಾಧಾನವಾಗುತ್ತಿಲ್ಲ. ಆ ಕಡೆ ಇದ್ದು ಬಂದವರು ಯಾರಾದರೂ ತಿಳಿಸಿಕೊಡುತ್ತೀರಾ?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ತಂಗಿ, ನಾನು ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿದ್ದು ಜಾರ್ಖಂಡ್‌ನ ಖೂಂಟಿ ಕಡೆ ಕೆಲಸ ಮಾಡಿದವನು. ಸಾಲದ ಕಡತಗಳೇ ನನಗೆ ಹಾಫ್‌ಮನ್ನರ ಪರಿಚಯ ಮಾಡಿಸಿದವು, ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ಮುಂಡಾ ರೈತರು ಶಾಖೆಗೆ ಬರುವಾಗ ಖತಿಯಾನ್ ತರುತ್ತಿದ್ದರು. ನಮ್ಮ ಪಹಣಿಯ ಹಾಗೆ ಅವರಿಗೆ ಅದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಡಿಕೆ ಹರಿದಲ್ಲಿ ಹಿಂದಿನಿಂದ ಬಟ್ಟೆ ಅಂಟಿಸಿ, ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಕಾಗದ. ಬಿಡಿಸುವಾಗ ಎರಡೂ ಕೈ ಬಳಸುತ್ತಿದ್ದರು. ಜಮೀನು ಅವರದೇ, ಸಂಶಯವಿಲ್ಲ. ಆದರೆ ನೀನು ಹೇಳಿದ ಕಾಯ್ದೆ, ಅಂದರೆ 1908ರ ಛೋಟಾನಾಗಪುರ ಟೆನೆನ್ಸಿ (ಗೇಣಿ) ಕಾಯ್ದೆಯ 46ನೇ ಕಲಂ ಆದಿವಾಸಿಯ ಜಮೀನು ಹೊರಗಿನವರ ಪಾಲಾಗದಂತೆ ತಡೆಯುತ್ತದೆ. ಸಾಲ ತೀರದಿದ್ದರೆ ಹರಾಜಿನಲ್ಲಿ ಕೊಳ್ಳುವವರು ಯಾರು ಎಂದು ಬ್ಯಾಂಕಿನವರು ಹಿಂಜರಿಯುತ್ತಿದ್ದರು. ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತಿತ್ತು. ಈ ಕಾಯ್ದೆ ಬರೆದವರು ಇವರ ಹಿತ ಬಯಸಿದ್ದರೇ ಎಂಬ ಸಿಟ್ಟಿನಲ್ಲಿಯೇ ನಾನು ಅದರ ಇತಿಹಾಸ ಹುಡುಕಲು ಹೊರಟದ್ದು.

ಹಾಫ್‌ಮನ್ ಹುಟ್ಟಿದ್ದು 1857ರಲ್ಲಿ. ಜೆಸ್ವಿಟರ ಬಂಗಾಳ ಮಿಷನ್ನಿಗೆ ಸೇರಿ, ಕೊನೆಗೆ ಮುಂಡರ ನಾಡಿನ ನಡುವೆ ಸರವದಾ ಎಂಬಲ್ಲಿ ನೆಲೆಸಿದರು. ಅವರಿಗೂ ಮೊದಲು, 1885ರಲ್ಲಿ ಬಂದ ಬೆಲ್ಜಿಯಂನ ಕಾನ್‌ಸ್ಟಂಟ್ ಲೀವೆನ್ಸ್ ತೋರ್ಪಾದಲ್ಲಿದ್ದುಕೊಂಡು ಗೇಣಿ ಮತ್ತು ಬಿಟ್ಟಿ ದುಡಿಮೆಯ ಮೊಕದ್ದಮೆಗಳಲ್ಲಿ ಆದಿವಾಸಿಗಳ ಬೆನ್ನಿಗೆ ನಿಂತಿದ್ದರು. ಕೋರ್ಟಿನಲ್ಲಿ ನೆರವು ಸಿಕ್ಕಿತೆಂದು ಊರಿಗೆ ಊರೇ ಕ್ರೈಸ್ತವಾಯಿತು. ಇದನ್ನು ಮುಚ್ಚಿಡಬೇಕಾಗಿಲ್ಲ. ಜನಕ್ಕೆ ಬೇಕಾಗಿದ್ದದ್ದು ಜಮೀನು, ಪಾದ್ರಿಗಳಿಗೆ ಬೇಕಾಗಿದ್ದದ್ದು ಆತ್ಮಗಳು. ಎರಡೂ ಒಂದೇ ಅಂಗಳದಲ್ಲಿ ಸೇರಿದವು.

ಒಂದೊಂದು ಮೊಕದ್ದಮೆ ಗೆದ್ದರೆ ಸಾಲದು ಎಂಬುದನ್ನು ಹಾಫ್‌ಮನ್ ಕಂಡುಕೊಂಡರು. ಕಾಡು ಕಡಿದು ಊರು ಕಟ್ಟಿದ ಮನೆತನದವರೆಲ್ಲ ಒಟ್ಟಾಗಿ ಆ ನೆಲದ ಒಡೆಯರು ಎಂಬುದು ಮುಂಡರ ಖೂಂಟ್‌ಕಟ್ಟಿ ಪದ್ಧತಿ. ಸರ್ಕಾರದ ದಫ್ತರದಲ್ಲಿ ಜಮೀನ್ದಾರ ಮತ್ತು ಒಕ್ಕಲು ಎಂಬ ಎರಡೇ ಖಾನೆ. ಹೀಗಾಗಿ ಒಡೆಯರೇ ಒಕ್ಕಲಾಗಿ ದಾಖಲಾದರು. ಕಾಗದವಿಲ್ಲದ ಅವರಿಗೆ ಇದ್ದ ಸಾಕ್ಷಿ ಸಾಸನ್‌ದಿರಿಗಳು. ಊರಂಚಿನ ಹುಣಸೆ ಮರಗಳ ಕೆಳಗೆ, ಸಣ್ಣ ಕಲ್ಲುಗಳ ಮೇಲೆ ಮಲಗಿಸಿದ ದೊಡ್ಡ ಚಪ್ಪಡಿಗಳು ಅವು. ಒಂದೊಂದರ ಅಡಿಯಲ್ಲೂ ಆ ಮನೆತನದ ಹಿರಿಯರ ಮೂಳೆಗಳಿವೆ. ನಮ್ಮ ಪಟ್ಟಾ ಇದೇ ಎಂದು ತೋರಿಸಲು ಅಂಥ ಕಲ್ಲುಗಳನ್ನು ಕಲ್ಕತ್ತೆಯವರೆಗೂ ಹೊತ್ತು ಹೋಗಿದ್ದರೆಂದು ಅಲ್ಲಿ ಇಂದಿಗೂ ಹೇಳುತ್ತಾರೆ.

1899ರ ಡಿಸೆಂಬರ್ 24ರ ರಾತ್ರಿ ಸರವದಾ ಮಿಷನ್ ಮೇಲೆ ಬಾಣಗಳು ಬಿದ್ದವು. 1902ರಲ್ಲಿ ರಾಂಚಿ ಜಿಲ್ಲೆಯ ಸರ್ವೇ ಆರಂಭವಾದಾಗ, ಅದೇ ಮಿಷನ್ನಿನ ಹಾಫ್‌ಮನ್ ಸೆಟ್ಲ್‌ಮೆಂಟ್ (ಭೂದಾಖಲೆ) ಅಧಿಕಾರಿ ಲಿಸ್ಟರ್ ಜೊತೆ ಕುಳಿತು ಮುಂಡರ ಭೂಪದ್ಧತಿಯನ್ನು ಸರ್ಕಾರಕ್ಕೆ ಅರ್ಥವಾಗುವಂತೆ ಬರೆದುಕೊಟ್ಟರು. ಅದರ ಫಲ 1908ರ ಕಾಯ್ದೆಯಲ್ಲಿದೆ. ತಮ್ಮತ್ತ ಬಿಲ್ಲೆತ್ತಿದವರ ಹಕ್ಕಿಗಾಗಿ ಅಷ್ಟು ತಾಳ್ಮೆಯಿಂದ ದುಡಿದವರ ಬಗ್ಗೆ ನನಗೆ ಗೌರವವಿದೆ, ನೇರವಾಗಿಯೇ ಹೇಳುತ್ತೇನೆ.

ನನ್ನ ಸಿಟ್ಟು ಇಳಿದದ್ದು ಮುಂದಿನದನ್ನು ಓದಿದಾಗ. 1909ರಲ್ಲಿ ಹಾಫ್‌ಮನ್ ಛೋಟಾನಾಗಪುರ ಕ್ಯಾಥೊಲಿಕ್ ಸಹಕಾರಿ ಸಾಲ ಸಂಘ ಕಟ್ಟಿದರು. ಮಾರಲಾಗದ ಜಮೀನಿಗೆ ಸಾಹುಕಾರ ಸಾಲ ಕೊಡುವುದಿಲ್ಲ, ಬಿತ್ತನೆಗೆ ದುಡ್ಡು ಬೇಕೇ ಬೇಕು. ನಾನು ಶಾಖೆಯಲ್ಲಿ ಕಂಡ ಬಿಕ್ಕಟ್ಟು ಇದೇ. ಬೇರೆಯವರು ಹೇಗಾದರೂ ಓದಲಿ, ಕಾಯ್ದೆಯ ಮರುವರ್ಷವೇ ಸಂಘ ಬಂದದ್ದು ಕಾಕತಾಳೀಯ ಎನ್ನಲು ನನ್ನಿಂದಾಗದು. ಹಣದ ಸಾಲದ ಜೊತೆಗೆ ಭತ್ತದ ಗೋಲಾಗಳೂ ಇದ್ದವು: ಸುಗ್ಗಿಯಲ್ಲಿ ಭತ್ತ ಹಾಕಿಡುವುದು, ಮಳೆಗಾಲದ ಹಸಿವಿಗೆ ಸಾಲವಾಗಿ ಪಡೆಯುವುದು. ಬ್ಯಾಂಕಿನವನಾಗಿ ಹೇಳುತ್ತೇನೆ, ಕಾಯ್ದೆಗಿಂತ ಇದು ಕಷ್ಟದ ಕೆಲಸ. ಲೆಕ್ಕ ಬರೆಯುವವರನ್ನು ಊರೂರಲ್ಲಿ ತಯಾರು ಮಾಡಬೇಕಾಗುತ್ತದೆ.

ಉತ್ತರ: ಇತಿಹಾಸ ಅಧ್ಯಾಪಕಿ, ಶಿವಮೊಗ್ಗ

ಸರ್, ಸೊಗಸಾಗಿ ಹೇಳಿದ್ದೀರಿ, ಆದರೆ ತಕ್ಕಡಿ ಒಂದೇ ಕಡೆ ವಾಲಿದೆ. ಬಿರ್ಸಾ ಚಾಯಿಬಾಸಾದ ಮಿಷನ್ ಶಾಲೆಯಲ್ಲಿ ಓದಿದ ಹುಡುಗ. ‘ಸಾಹೇಬ್ ಸಾಹೇಬ್ ಏಕ್ ಟೋಪಿ ಹೈ’ (ಪಾದ್ರಿಯಾಗಲಿ ಅಧಿಕಾರಿಯಾಗಲಿ, ಬಿಳಿಯರೆಲ್ಲರ ಟೋಪಿ ಒಂದೇ) ಎಂದು ಅವನು ಹೇಳಿದ್ದು ಕಂಡುಂಡ ಮೇಲೆ. ಅವನು ಎದ್ದು ನಿಂತಾಗ ಪಾದ್ರಿಗಳು ಸರ್ಕಾರದ ಪಕ್ಕದಲ್ಲಿದ್ದರು. 1900ರ ಜನವರಿಯಲ್ಲಿ ಸೈಲ್ ರಕಬ್ ಬೆಟ್ಟದಲ್ಲಿ ಬಿರ್ಸಾನ ಕಡೆಯವರ ಮೇಲೆ ಸರ್ಕಾರದ ಗುಂಡು ಹಾರಿತು, ಜೂನ್ 9ರಂದು ಬಿರ್ಸಾ ರಾಂಚಿ ಜೈಲಿನಲ್ಲಿ ತೀರಿಕೊಂಡ, ಆಗಿನ್ನೂ ಇಪ್ಪತ್ತೈದೂ ತುಂಬಿರಲಿಲ್ಲ. ಆ ಭಯವಿಲ್ಲದಿದ್ದರೆ ಸರ್ಕಾರ ಸರ್ವೇಗೆ ಇಳಿಯುತ್ತಿತ್ತೇ? ಹಾಫ್‌ಮನ್ನರ ಟಿಪ್ಪಣಿಯನ್ನು ಓದುತ್ತಿತ್ತೇ? ಮತ್ತೆ ಆ ಸಂಘದ ಹೆಸರಿನಲ್ಲೇ ಕ್ಯಾಥೊಲಿಕ್ ಎಂದಿದೆ. ಅದೇ ಊರಿನ, ಅದೇ ಮನೆತನದ, ಸರ್ನಾದಲ್ಲಿ (ಆದಿವಾಸಿಗಳ ದೇವರ ಬನ) ಪೂಜೆ ಮಾಡುವ ಅಣ್ಣತಮ್ಮಂದಿರ ಗತಿ ಏನು?

ಉತ್ತರ: ಭಾಷಾಸಕ್ತ, ಮಂಗಳೂರು

ಇನ್ನೊಂದು ಸಂಗತಿ. 1915ರಲ್ಲಿ, ಮೊದಲ ಮಹಾಯುದ್ಧದ ಕಾಲ, ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಹಾಫ್‌ಮನ್ನರನ್ನು ಭಾರತದಿಂದ ಹೊರಗೆ ಕಳುಹಿಸಿದರು. ಜರ್ಮನಿಯ ಟ್ರಿಯರ್ ಪಟ್ಟಣದಲ್ಲಿ ಕುಳಿತು ಮುಂಡರ ಭಾಷೆ, ಬದುಕಿನ ವಿಶ್ವಕೋಶವಾದ ಎನ್‌ಸೈಕ್ಲೋಪೀಡಿಯಾ ಮುಂಡಾರಿಕಾದ ಕೆಲಸ ಮುಂದುವರಿಸಿ 1928ರಲ್ಲಿ ಅಲ್ಲಿಯೇ ತೀರಿಕೊಂಡರು. ಮೊದಲ ಸಂಪುಟ ಪಟ್ನಾದಲ್ಲಿ ಅಚ್ಚಾದದ್ದು 1930ರಲ್ಲಿ, ಅವರು ನೋಡಲಿಲ್ಲ. ಉಳುಮೆ, ಬೇಟೆ, ಮದುವೆ, ಹಾಡು ಎಲ್ಲವೂ ಅದರಲ್ಲಿವೆ. ಅದಕ್ಕೆ ದುಡಿದ ಮುಂಡಾ ವಿದ್ವಾಂಸ ಮೇನಸ್ ಓಡೆಯಾ ಅವರ ಹೆಸರನ್ನು ದಯವಿಟ್ಟು ಬಿಡಬೇಡಿ. ಪಾದ್ರಿಗಳ ಬಗ್ಗೆ ಬರೆಯುವಾಗ ಜೊತೆಗೆ ದುಡಿದ ಊರಿನವರನ್ನು ಮರೆಯುವುದು ರೂಢಿಯಾಗಿಬಿಟ್ಟಿದೆ, ನನಗೆ ಅದು ನೋವಿನ ಸಂಗತಿ.

ಮರುಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಮೇಡಂ, ಬಿರ್ಸಾ ಇಲ್ಲದೆ ಕಾಯ್ದೆ ಇಲ್ಲ, ಪೂರ್ತಿ ಒಪ್ಪುತ್ತೇನೆ. ಸಂಘದ ಬಗ್ಗೆ ನೀವು ಎತ್ತಿದ ಪ್ರಶ್ನೆಗೂ ನನ್ನಲ್ಲಿ ಸಮರ್ಥನೆ ಇಲ್ಲ. ಕಾಯ್ದೆಯ ಮಾತು ಬೇರೆ. ಅದು ಕ್ರೈಸ್ತ ಮುಂಡ, ಸರ್ನಾ ಮುಂಡ ಎಂದು ಭೇದ ಮಾಡಲಿಲ್ಲ. 2016ರಲ್ಲಿ ಜಾರ್ಖಂಡ್ ಸರ್ಕಾರ ಅದನ್ನು ತಿದ್ದಲು ಹೊರಟಾಗ ಇಬ್ಬರೂ ಒಟ್ಟಿಗೆ ಬೀದಿಗೆ ಇಳಿದರು. 2017ರಲ್ಲಿ ಆಗಿನ ರಾಜ್ಯಪಾಲರಾದ ದ್ರೌಪದಿ ಮುರ್ಮು ಅವರು ಮಸೂದೆಯನ್ನು ಹಿಂದಕ್ಕೆ ಕಳುಹಿಸಿದರು, ಸರ್ಕಾರ ಕೈಬಿಟ್ಟಿತು.

ತಂಗಿ, ನಿನ್ನ ಗುರುಗಳಿಗೆ ಹೀಗೆ ಕೇಳಿ ನೋಡು: ಬಿರ್ಸಾ ಸತ್ತ ಮೇಲಿನ ಎಂಟು ವರ್ಷಗಳಿಗೆ ಒಂದು ಅಧ್ಯಾಯ ಕೊಡಬಹುದೇ ಎಂದು. ಸರ್ವೇ, ಲಿಸ್ಟರ್, ಹಾಫ್‌ಮನ್, ಸಾಕ್ಷಿ ಹೇಳಿದ ಊರಿನ ಮುಖ್ಯಸ್ಥರು ಎಲ್ಲರೂ ಅಲ್ಲಿ ಬರಲಿ. ಖೂಂಟಿಗೆ ಹೋಗುವುದಾದರೆ ಮಳೆಗಾಲ ಬಿಟ್ಟು ಹೋಗು, ಒಳಗಿನ ಹಳ್ಳಿಗಳಿಗೆ ಆಗ ದಾರಿ ಕಷ್ಟ.